ಒಂಟಿ ಅಲೆಯ ಕಥೆ

ಕಣೇಕಲ್ಲಿನ ಕೆರೆಗೆ ಕಲ್ಲೆಸೆದು ಆಡದವರು ನಮ್ಮಲ್ಲಿ ವಿರಳ. ಕಲ್ಲು ಬಿದ್ದೆಡೆಯಿಂದ ಬಳೆಬಳೆಯಾಗಿ ಹೊರಟ ಅಲೆಗಳು ದೂರ ಸರಿದಂತೆ ಸೊರಗಿ ಅಡಗುತ್ತವೆ. ಅಲೆಯೆಂದರೆ ಹರಡಿ ಅಳಿಯತಕ್ಕದ್ದೆಂದು ನಾವು ಬಗೆಯುವುದು ಸಹಜ. ಈ ನಂಬಿಕೆಯನ್ನು ಅಲುಗಿಸಿದ್ದು, ನಮ್ಮ ಸೀಮೆಗೆ ತುಂಗಭದ್ರೆಯ ನೀರನ್ನು ತರುವಂತಹದೇ ಒಂದು ಕಾಲುವೆ.

೧೮೩೪ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಸಮೀಪ, ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ಕಾಲುವೆಯಲ್ಲಿ ತಟ್ಟನೆ ನಿಂತಿತು. ಅದರ ಮುಂದಿನ ನೀರು ಮಾತ್ರ ನಿಲ್ಲಲಿಲ್ಲ. ಸುಮಾರು ೩೦ ಅಡಿ ಉದ್ದದ, ಒಂದು ಒಂದೂವರೆ ಅಡಿ ಎತ್ತರದ ಒಂದೇ ದಿಬ್ಬವಾಗಿ ಅದು ಮುಂದೆ ಸಾಗಿತು. ಇಪ್ಪತ್ತಾರರ ಎಂಜಿನಿಯರು ಜಾನ್ ಸ್ಕಾಟ್ ರಸೆಲ್ ಕುದುರೆಯ ಮೇಲೆ ಅದನ್ನು ಒಂದೆರಡು ಮೈಲಿ ಹಿಂಬಾಲಿಸಿದನು. ಗಂಟೆಗೆ ಎಂಟೊಂಬತ್ತು ಮೈಲಿ ವೇಗದ ಆ ಅಲೆ ತನ್ನ ಆಕಾರವನ್ನು ಬಹುದೂರ ಉಳಿಸಿಕೊಂಡಿತ್ತು. ಅನಂತರ ತೊಟ್ಟಿಗಳಲ್ಲಿ ಪ್ರಯೋಗ ನಡೆಸಿ, ಎತ್ತರವಾದ ಅಲೆಗೆ ವೇಗವೂ ಹೆಚ್ಚೆಂದು ಅವನು ಕಂಡುಕೊಂಡನು.

೧೮೪೪ರ ಅವನ ವರದಿಯನ್ನು ಖಗೋಳಜ್ಞ ಜಾರ್ಜ್ ಏರಿಯಂತಹ ಪಂಡಿತರು ಒಪ್ಪಲಿಲ್ಲ. ಅಂದಿನ ಸಿದ್ಧಾಂತದಲ್ಲಿ ಅಂತಹ ಅಲೆಗೆ ಎಡೆಯಿರಲಿಲ್ಲ. ೧೮೭೧ರಲ್ಲಿ ಫ್ರಾನ್ಸಿನ ಬೂಸಿನೆಸ್ಕ್, ೧೮೭೬ರಲ್ಲಿ ರ‍್ಯಾಲೆ ಅವನ ಪಕ್ಷವನ್ನು ಎತ್ತಿಹಿಡಿದರು. ೧೮೯೫ರಲ್ಲಿ ಹಾಲೆಂಡಿನ ಕೋರ್ಟೆವೆಗ್ ಮತ್ತು ಡಿ ವ್ರೀಸ್ ಇದಕ್ಕೊಂದು ಅರೇಖಾತ್ಮಕ ಸಮೀಕರಣವನ್ನು ಕೊಟ್ಟರು. ಅರೇಖಾತ್ಮಕವೆಂದರೆ, ಕಾರಣ ಇಮ್ಮಡಿಯಾದರೆ ಪರಿಣಾಮವೂ ಇಮ್ಮಡಿಯಾಗಲೇಬೇಕೆಂಬ ನಿಯಮವಿಲ್ಲದುದು. ಅಲೆಯ ಎತ್ತರದ ಭಾಗ ಮುಂದಕ್ಕೆ ನುಗ್ಗಿ ಕಡಿದಾಗಲು ಹವಣಿಸುತ್ತದೆ. ಇತ್ತ ಅಲೆ ಹರಡಲೂ ಹವಣಿಸುತ್ತದೆ. ಇವೆರಡೂ ಸರಿದೂಗಿದಲ್ಲಿ ಒಂಟಿ ಅಲೆ ಉಳಿಯುತ್ತದೆ.

ದೀರ್ಘಕಾಲದ ಬಳಿಕ ಏನು ಉಳಿದೀತು? ೧೯೬೫ರಲ್ಲಿ ಅಮೆರಿಕದ ಜಬುಸ್ಕಿ ಮತ್ತು ಕ್ರುಸ್ಕಲ್ ಗಣಕಯಂತ್ರದಿಂದ ಲೆಕ್ಕ ಹಾಕಿಸಿದರು. ಇಂತಹ ಅಲೆಗಳು ಒಂದನ್ನೊಂದು ಹಾಯ್ದುಹೋದರೂ ಆಕಾರ ಕೆಡಲಿಲ್ಲ. ಅವಕ್ಕೆ ‘ಸಾಲಿಟಾನ್’ ಎಂದು ಹೆಸರಿಟ್ಟರು. ೧೯೬೭ರಲ್ಲಿ ಗಾರ್ಡ್‌ನರ್, ಗ್ರೀನ್, ಕ್ರುಸ್ಕಲ್ ಮತ್ತು ಮಿಯುರಾ ಆ ಸಮೀಕರಣವನ್ನು ಬಿಡಿಸುವ ಮಾರ್ಗವನ್ನು ತೋರಿಸಿದರು. ಆರಂಭದ ಒಂದು ನೀರದಿಬ್ಬ ಕಾಲಾನಂತರದಲ್ಲಿ ಹಲವು ಒಂಟಿ ಅಲೆಗಳಾಗಿ ಬೇರ್ಪಡಬಲ್ಲದು. ಎತ್ತರದ್ದು ಮುಂದೆ, ಗಿಡ್ಡನೆಯದು ಹಿಂದೆ. ಮಿಕ್ಕ ಕಿರುತೆರೆಗಳು ಹಿಂದುಳಿದು ಅಡಗುತ್ತವೆ. ನಿಜವಾದ ನೀರಿನಲ್ಲಿ ಘರ್ಷಣೆಯಿರುವುದರಿಂದ ಒಂಟಿ ಅಲೆಯೂ ಕಡೆಗೊಮ್ಮೆ ಸೊರಗುತ್ತದೆಂಬುದು ಬೇರೆ ಮಾತು.

ನಮ್ಮ ನಾಡಿಗೂ ಈ ವಿಚಾರ ಹೊರತಲ್ಲ. ೧೯೫೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅನ್ವಯಿಕ ಗಣಿತದ ಪ್ರಾಧ್ಯಾಪಕರಾಗಿ ಬಂದ ಪಿ. ಎಲ್. ಭಟ್ನಾಗರರು ಇಂತಹ ಅಲೆಗಳನ್ನು ಕುರಿತು ಬರೆದ ಗ್ರಂಥವು, ಅವರು ತೀರಿಕೊಂಡ ಮೂರು ವರ್ಷಗಳ ಬಳಿಕ, ೧೯೭೯ರಲ್ಲಿ ಪ್ರಕಟವಾಯಿತು.

ರಸೆಲ್ ತೀರಿಕೊಂಡದ್ದು ೧೮೮೨ರಲ್ಲಿ. ಸಮೀಕರಣವನ್ನು ಅವನು ಕಾಣಲಿಲ್ಲ. ಆದರೆ ಕಣ್ಣಾರೆ ಕಂಡುದನ್ನು, ಪುಸ್ತಕದಲ್ಲಿಲ್ಲವೆಂಬ ಕಾರಣಕ್ಕೆ ಅವನು ಬಿಟ್ಟುಕೊಡಲಿಲ್ಲ. ಕಾಲುವೆಯ ದಂಡೆಯಲ್ಲಿ ನಿಂತ ವಿದ್ಯಾರ್ಥಿಯೊಬ್ಬನು ಪಾಠದಲ್ಲಿಲ್ಲದುದನ್ನು ಕಂಡೆನೆಂದು ಬಂದು ಹೇಳಿದರೆ, ಉಪಾಧ್ಯಾಯರಾದ ನಾವು ಅವನನ್ನು ಗದರಿಸದೆ, ಅವನೊಡನೆ ಕಾಲುವೆಯವರೆಗೆ ನಡೆದುಹೋಗೋಣ.