ಹೆಬ್ಬೆಟ್ಟು, ಅಕ್ಷರ ಮತ್ತು ಬೀಗದ ಕೈ

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಲ ಗದ್ದೆಗಳ ಕೆಲಸ ಕಂಡು ಹೇಳಿದ್ದು. ಇಂದು ನಮ್ಮ ಮನೆಯ ಆಳು ಯಂತ್ರ. ಅದು ಲೆಕ್ಕ ಬರೆಯುತ್ತದೆ, ಹಣ ಕಳಿಸುತ್ತದೆ, ದಾರಿ ತೋರಿಸುತ್ತದೆ, ಊರಿನಲ್ಲಿರುವ ತಾಯಿತಂದೆಯರ ಮುಖವನ್ನೂ ತೋರಿಸುತ್ತದೆ. ಆದರೆ ಈ ಆಳಿಗೆ ಅಪ್ಪಣೆ ಕೊಡುವವರು ನಾವೋ, ಅಥವಾ ನಾವು ಕಂಡರಿಯದ ಯಾರೋ? ತಪ್ಪಾದಾಗ ಹೊಣೆ ಯಾರದು? ಈ ಪ್ರಶ್ನೆ ಹೊಸದೆಂದು ತೋರುತ್ತದೆ. ಆದರೆ ನಮ್ಮ ನೆರೆಯ ಕೇರಳದಲ್ಲಿ, ಅದರಲ್ಲೂ ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ, ಇದಕ್ಕೆ ಮೂರೂವರೆ ದಶಕಗಳ ಇತಿಹಾಸವಿದೆ. ಹೊರನಾಡ ಕನ್ನಡಿಗರಾದ ನಾವು ಅದನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.

ಕನ್ನಡದಲ್ಲಿ 'ಹೆಬ್ಬೆಟ್ಟು' ಎಂಬ ಮಾತಿಗೆ ಬೆರಳು ಎಂಬುದರ ಜೊತೆಗೆ ಇನ್ನೊಂದು ಅರ್ಥವೂ ಇದೆ. ಓದು ಬಾರದವನನ್ನು 'ಹೆಬ್ಬೆಟ್ಟು' ಎಂದು ಕರೆಯುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ಸಾಹುಕಾರ ಕಾಗದ ಓದಿ ಹೇಳುತ್ತಿದ್ದ, ರೈತ ನಂಬಿ ಹೆಬ್ಬೆಟ್ಟು ಒತ್ತುತ್ತಿದ್ದ. ಕಾಗದದಲ್ಲಿ ಹತ್ತು ರೂಪಾಯಿ ಇತ್ತೋ ನೂರು ಇತ್ತೋ, ದೇವರೇ ಬಲ್ಲ. ಕಾನೂನಿನ ಕಣ್ಣಿಗೆ ಮಾತ್ರ ಆ ರೈತನೇ ಒಪ್ಪಿ ಸಹಿ ಹಾಕಿದವನು, ಸಾಲದ ಹೊಣೆಯೆಲ್ಲ ಅವನದೇ. ಹೊಣೆ ಒಬ್ಬನ ತಲೆಯ ಮೇಲೆ, ಹಿಡಿತ ಇನ್ನೊಬ್ಬನ ಕೈಯಲ್ಲಿ. ಈ ಅನ್ಯಾಯವನ್ನು ಬಿಡಿಸುವ ಮೊದಲ ಹೆಜ್ಜೆ ಅಕ್ಷರ.

ಆ ಹೆಜ್ಜೆಯನ್ನು ಇಡೀ ಒಂದು ಜಿಲ್ಲೆ ಕೂಡಿ ಇಟ್ಟದ್ದು ಕೊಚ್ಚಿ ನಗರವಿರುವ ಎರ್ನಾಕುಲಂ ಜಿಲ್ಲೆಯಲ್ಲಿ. 1988ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಅನ್ನು ಸ್ಥಾಪಿಸಿತು. ಮರುವರ್ಷ ಎರ್ನಾಕುಲಂನಲ್ಲಿ ಜಿಲ್ಲಾಡಳಿತವೂ, 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತೂ ಕೈಜೋಡಿಸಿ ಸಂಪೂರ್ಣ ಸಾಕ್ಷರತೆಯ ಚಳವಳಿ ಹೂಡಿದವು. ಸ್ವಯಂಸೇವಕರು ಮನೆಮನೆಗೆ ಹೋಗಿ ಓದು ಬಾರದವರನ್ನು ಎಣಿಸಿದರು. ಆ ಸಂಖ್ಯೆ ಒಂದೂವರೆ ಲಕ್ಷವನ್ನು ದಾಟಿತು. ಅವರಿಗೆ ಕಲಿಸಲು ಸಾವಿರಾರು ಜನ ಸಂಬಳವಿಲ್ಲದೆ ಮುಂದೆ ಬಂದರು. ಬೀದಿ ನಾಟಕ, ಹಾಡು, ಜಾಥಾಗಳಿಂದ ಊರೂರು ಎಚ್ಚೆತ್ತಿತು. ಕಲಿಯಲು ಬಂದ ವಯಸ್ಸಾದವರಲ್ಲಿ ಅನೇಕರಿಗೆ ಅಕ್ಷರ ತಲೆಗೆ ಹತ್ತದಿರುವುದಕ್ಕೆ ಕಾರಣ ಬುದ್ಧಿಯಲ್ಲ, ಕಣ್ಣು ಎಂದು ತಿಳಿದಾಗ ಕಾರ್ಯಕರ್ತರು ಕನ್ನಡಕಗಳನ್ನು ಸಂಗ್ರಹಿಸಿ ಹಂಚಿದರು. 1990ರ ಫೆಬ್ರವರಿ 4ರಂದು ಪ್ರಧಾನಿ ವಿ. ಪಿ. ಸಿಂಗ್ ಅವರು ಎರ್ನಾಕುಲಂ ಅನ್ನು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿಸಿದರು. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನಲ್ಲಿ ಇಡೀ ಕೇರಳದ ಸಾಕ್ಷರತೆಯನ್ನು ಸಾರಿದವರು ಮಂತ್ರಿಯಲ್ಲ, ಇಳಿವಯಸ್ಸಿನಲ್ಲಿ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ ಎಂಬ ಮಹಿಳೆ. ನಮ್ಮ ದಕ್ಷಿಣ ಕನ್ನಡವೂ ಸೇರಿದಂತೆ ದೇಶದ ಅನೇಕ ಜಿಲ್ಲೆಗಳು ಮುಂದಿನ ವರ್ಷಗಳಲ್ಲಿ ಇದೇ ದಾರಿ ಹಿಡಿದವು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಓದು ಬಾರದವರು ತಮ್ಮ ಪಾಡು ತಾವು ನೋಡಿಕೊಳ್ಳಲಿ ಎಂದು ಆ ಜಿಲ್ಲೆ ಕೈ ತೊಳೆದುಕೊಳ್ಳಲಿಲ್ಲ. ಅವರ ಪರವಾಗಿ ನಾವೇ ಓದಿ ಹೇಳುತ್ತೇವೆ, ಅವರು ಸುಮ್ಮನಿರಲಿ ಎಂದೂ ಹೇಳಲಿಲ್ಲ. ಓದುವ ಶಕ್ತಿಯನ್ನು ಅವರ ಕೈಗೇ ಕೊಟ್ಟಿತು. ಹೊಣೆ ಹೊರಿಸುವ ಮುನ್ನ ಹೊರುವ ಬಲ ಕೊಡಬೇಕು ಎಂಬ ನೀತಿ ಇದರಲ್ಲಿದೆ.

ಆದರೆ ಕಾಲ ನಿಲ್ಲುವುದಿಲ್ಲ. ಅಕ್ಷರ ಕಲಿತ ಹತ್ತು ವರ್ಷಗಳಲ್ಲೇ ಓದಲಾಗದ ಹೊಸ ಕಾಗದವೊಂದು ಮನುಷ್ಯನ ಮುಂದೆ ಬಂತು. ಅದು ಕಂಪ್ಯೂಟರಿನ ತಂತ್ರಾಂಶ. ಹೋಟೆಲಿನ ಸಾಂಬಾರು ನಮಗೆ ರುಚಿಸಿದರೆ ಮನೆಯಲ್ಲಿ ಮಾಡಿ ನೋಡುತ್ತೇವೆ, ಉಪ್ಪು ಹೆಚ್ಚೆನಿಸಿದರೆ ಕಡಿಮೆ ಹಾಕುತ್ತೇವೆ, ನೆರೆಮನೆಯವರಿಗೂ ಹೇಳಿಕೊಡುತ್ತೇವೆ. ದೊಡ್ಡ ಕಂಪನಿಗಳ ತಂತ್ರಾಂಶದಲ್ಲಿ ಹಾಗಿಲ್ಲ. ಅಡುಗೆ ಮಾತ್ರ ಕೊಡುತ್ತಾರೆ, ಅದನ್ನು ಮಾಡಿದ ಬಗೆಯನ್ನು, ಅಂದರೆ ಸೋರ್ಸ್ ಕೋಡ್ ಎನ್ನುವ ಮೂಲ ಬರಹವನ್ನು, ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ. ಒಳಗೆ ಏನಿದೆ ಎಂದು ನೋಡುವಂತಿಲ್ಲ, ತಿದ್ದುವಂತಿಲ್ಲ, ಹಂಚುವಂತಿಲ್ಲ. 'ಒಪ್ಪಿದ್ದೇನೆ' ಎಂಬ ಗುಂಡಿಯನ್ನಷ್ಟೇ ಒತ್ತಬೇಕು. ಇದು ಹಳೆಯ ಹೆಬ್ಬೆಟ್ಟಲ್ಲದೆ ಮತ್ತೇನು?

ಇದನ್ನು ವಿರೋಧಿಸಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದ್ದರು. ತಂತ್ರಾಂಶವನ್ನು ಬಳಸುವ, ಓದಿ ತಿಳಿಯುವ, ಬದಲಿಸುವ, ಹಂಚುವ ಸ್ವಾತಂತ್ರ್ಯ ಬಳಸುವವನಿಗೇ ಇರಬೇಕೆಂಬುದು ಅವರ ವಾದ. ಈ ಚಳವಳಿಯ ಭಾರತದ ಸಂಸ್ಥೆಯು 2001ರ ಜುಲೈ ತಿಂಗಳಲ್ಲಿ ಉದ್ಘಾಟನೆಗೊಂಡದ್ದು ತಿರುವನಂತಪುರದಲ್ಲಿ, ಸ್ಟಾಲ್ಮನ್ ಅವರ ಸಮ್ಮುಖದಲ್ಲಿ. ಇಂಗ್ಲಿಷಿನ 'ಫ್ರೀ' ಎಂಬ ಮಾತು ಅಲ್ಲಿಯವರಿಗೆ ಗೊಂದಲ ತಂದಿದೆ. ಕನ್ನಡಿಗರಿಗೆ ಆ ತೊಡಕಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ ಎಂದು ನಮ್ಮ ಭಾಷೆಗೆ ಚೆನ್ನಾಗಿ ಗೊತ್ತು. ಪುಕ್ಕಟೆ ಸಿಕ್ಕಿದ್ದೆಲ್ಲ ನಮ್ಮದಾಗುವುದಿಲ್ಲ ಎಂಬುದೂ ಗೊತ್ತು.

ಅದೇ ಹೊತ್ತಿಗೆ ಕೇರಳ ಸರ್ಕಾರ ಶಾಲೆಗಳಿಗೆ ಕಂಪ್ಯೂಟರು ಶಿಕ್ಷಣ ತರಲು 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭಿಸಿತು. ಮೊದಮೊದಲು ಪಾಠ ಒಂದೇ ಕಂಪನಿಯ ತಂತ್ರಾಂಶದ ಸುತ್ತ ಸುತ್ತುತ್ತಿತ್ತು. ಸರ್ಕಾರಿ ಶಾಲೆಯ ಮಕ್ಕಳನ್ನು ಒಂದು ಕಂಪನಿಯ ಗಿರಾಕಿಗಳಾಗಿ ತಯಾರು ಮಾಡುವುದು ಶಿಕ್ಷಣವೇ ಎಂದು ಶಿಕ್ಷಕರ ಸಂಘಟನೆಯೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ಪ್ರಶ್ನಿಸಿದರು. ಕೆಲವೇ ವರ್ಷಗಳಲ್ಲಿ ಶಾಲೆಗಳು ಸ್ವತಂತ್ರ ತಂತ್ರಾಂಶಕ್ಕೆ ಬದಲಾದವು. ಶಿಕ್ಷಕರೇ ಕಲಿತು ಶಿಕ್ಷಕರಿಗೆ ಕಲಿಸಿದರು. 2007ರ ರಾಜ್ಯ ಐಟಿ ನೀತಿಯಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು. ಆ ಯೋಜನೆಯೇ 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಯಿತು. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಲ್ಲಿ ಸ್ವತಂತ್ರ ತಂತ್ರಾಂಶ ಬಳಸಿದ್ದರಿಂದ ಸುಮಾರು 3000 ಕೋಟಿ ರೂಪಾಯಿ ಉಳಿಯುತ್ತದೆಂದು ಆ ಸಂಸ್ಥೆ 2019ರಲ್ಲಿ ಲೆಕ್ಕ ಹೇಳಿತು.

ಹಣದ ಮಾತು ಹಾಗಿರಲಿ. ನಮಗೆ ಹೆಚ್ಚು ಹತ್ತಿರವಾದ ಸಂಗತಿ ಇನ್ನೊಂದಿದೆ. ಕೇರಳದ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುತ್ತವೆ, ಏಕೆಂದರೆ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡು, ಮಂಜೇಶ್ವರ ಭಾಗಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಸಣ್ಣ ಭಾಷಾ ಸಮುದಾಯವೊಂದು ತನ್ನ ಅಕ್ಷರವನ್ನು ಯಂತ್ರದಲ್ಲಿ ಕಾಣಬೇಕಾದರೆ ಕಂಪನಿಯ ಲಾಭ ನಷ್ಟದ ಲೆಕ್ಕಕ್ಕೆ ಕಾಯಬೇಕೆ? ಮೂಲ ಬರಹ ತೆರೆದಿದ್ದರೆ ಕಾಯಬೇಕಾಗಿಲ್ಲ. ಬಲ್ಲವರು ಕೂತು ತಾವೇ ಕನ್ನಡ ಸೇರಿಸಬಹುದು. ಬೀಗದ ಕೈ ಯಾರ ಬಳಿ ಇದೆ ಎಂಬುದು ಭಾಷೆಯ ಪ್ರಶ್ನೆಯೂ ಹೌದು.

ಹಾಗೆಂದು ಕೇರಳದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತೆಂದು ತಿಳಿಯಬಾರದು. ಹೊರಗಿನ ಕಂಪನಿಯ ಹಿಡಿತವನ್ನು ವಿರೋಧಿಸಿದ ಸರ್ಕಾರವೇ ಹಿಡಿತಕ್ಕೆ ಕೈ ಚಾಚಿದ ಸಂದರ್ಭಗಳೂ ಇವೆ. 2020ರಲ್ಲಿ ಕೋವಿಡ್ ಪಿಡುಗಿನ ವೇಳೆ ಜನರ ಆರೋಗ್ಯ ವಿವರಗಳನ್ನು ಸಂಸ್ಕರಿಸಲು ಅಮೆರಿಕದಲ್ಲಿ ನೆಲೆಯಿರುವ ಸ್ಪ್ರಿಂಕ್ಲರ್ ಕಂಪನಿಯೊಡನೆ ಒಪ್ಪಂದವಾದಾಗ ಪ್ರಶ್ನೆ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ 24ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯವು, ವ್ಯಕ್ತಿಯ ಗುರುತು ತಿಳಿಯದಂತೆ ಮಾಡಿದ ಮೇಲೆಯೇ ವಿವರಗಳನ್ನು ಕಂಪನಿಗೆ ಕೊಡಬೇಕು, ಜನರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು ಎಂದು ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ, ಅವಹೇಳನದ ಬರಹ ಹರಡುವವರಿಗೆ ಮೂರು ವರ್ಷದವರೆಗೆ ಸೆರೆ ವಿಧಿಸುವ 118ಎ ಎಂಬ ವಿಧಿಯನ್ನು ಪೊಲೀಸ್ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ಸೇರಿಸಲಾಯಿತು. ನಾಲ್ಕೂ ಕಡೆಯಿಂದ ವಿರೋಧ ಬಂದು ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಬಾಯಿ ಹೊಲಸಾದವರನ್ನು ತಡೆಯಬೇಕೆಂಬುದು ನಿಜ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಇದೇ ಹೈಕೋರ್ಟಿನ ಇನ್ನೊಂದು ತೀರ್ಪು ಮಕ್ಕಳನ್ನು ಹೊರಗೆ ಓದಲು ಕಳಿಸಿರುವ ತಾಯಿತಂದೆಯರಿಗೆ ತಿಳಿದಿರಬೇಕು. ಕೋಳಿಕ್ಕೋಡು ಜಿಲ್ಲೆಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲು ಬಳಸಕೂಡದೆಂಬ ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿಯೊಬ್ಬಳನ್ನು ಹೊರಹಾಕಿದರು. 2019ರ ಸೆಪ್ಟೆಂಬರ್ 19ರಂದು ನ್ಯಾಯಾಲಯವು, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಜೊತೆಗೆ, ಅವಳ ಮೊಬೈಲಿನಿಂದ ಬೇರೆಯವರಿಗೆ ತೊಂದರೆಯಾಗಬಾರದೆಂದೂ, ಹಾಗಾದರೆ ಹಾಸ್ಟೆಲಿನವರು ಕ್ರಮ ಕೈಗೊಳ್ಳಬಹುದೆಂದೂ ಹೇಳಿತು. ಪ್ರಾಯಕ್ಕೆ ಬಂದವರನ್ನು ಬೀಗ ಹಾಕಿ ಒಳ್ಳೆಯವರನ್ನಾಗಿ ಮಾಡಲಾಗದು, ಸ್ವಾತಂತ್ರ್ಯ ಕೊಟ್ಟು ಹೊಣೆ ಕೇಳಬೇಕು ಎಂಬುದೇ ಇದರ ಸಾರವೆಂದು ನಾವು ತಿಳಿಯುತ್ತೇವೆ.

ಆ ತೀರ್ಪಿಗೆ ಹಿನ್ನೆಲೆಯಾಗಿದ್ದ ಖಾಸಗಿತನದ ಹಕ್ಕಿನ ಹಿಂದೆ ಒಬ್ಬ ಕನ್ನಡಿಗರಿದ್ದಾರೆ ಎಂಬುದು ನಮಗೆ ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರಿನಲ್ಲಿ ಬಹುಮತದ ತೀರ್ಪು ಆಧಾರ್ ಅನ್ನು ಉಳಿಸಿ, ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ಕಡಿವಾಣ ಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅಕ್ಷರ ಕಲಿತು ಬಿಡಿಸಿಕೊಂಡಿದ್ದ ಬೆರಳ ಗುರುತು ಯಂತ್ರದ ಗಾಜಿನ ಮೇಲೆ ಮತ್ತೆ ಬಂದು ಕೂತಾಗ, ಅದನ್ನು ಯಾರು ಯಾವುದಕ್ಕೆ ಬಳಸಬಹುದೆಂದು ಕೇಳಿದವರು ಅವರು.

ಈ ಇತಿಹಾಸದ ಕೊನೆಯ ಅಧ್ಯಾಯ ತೀರ ಇತ್ತೀಚಿನದು. 2025ರ ಆಗಸ್ಟ್ 21ರಂದು ತಿರುವನಂತಪುರದಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಮನೆಮನೆಯ ಸಮೀಕ್ಷೆಯಲ್ಲಿ ಗುರುತಿಸಿದ ಸುಮಾರು 21 ಲಕ್ಷ 88 ಸಾವಿರ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಫೋನು ಬಳಸುವ ಪ್ರಾಥಮಿಕ ತರಬೇತಿ ಮುಗಿಸಿದರೆಂದು ಸರ್ಕಾರ ಹೇಳಿತು. ಅವರಲ್ಲಿ ಎರ್ನಾಕುಲಂ ಜಿಲ್ಲೆಯ ಪೆರುಂಬಾವೂರಿನ 105 ವರ್ಷದ ಹಿರಿಯರೊಬ್ಬರೂ ಇದ್ದರು. 1990ರ ಕೆಲಸ ಹೊಸ ರೂಪದಲ್ಲಿ ಮತ್ತೆ ನಡೆದಿದೆ. ಆದರೆ ಗುಂಡಿ ಒತ್ತಲು ಕಲಿಯುವುದು ಸಹಿ ಹಾಕಲು ಕಲಿತಂತೆ ಅಷ್ಟೆ. ಯಾವುದಕ್ಕೆ ಒತ್ತಬಾರದು ಎಂದು ತಿಳಿಯುವುದೇ ನಿಜವಾದ ಓದು.

ಈ ಮಾತು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಊರಿನಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮಂದಿರಿಗೆ ನಾವು ದುಬಾರಿ ಫೋನು ಕೊಡಿಸಿ ಬರುತ್ತೇವೆ. ಪೊಲೀಸರೆಂದು ಹೇಳಿಕೊಂಡು ವೀಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರಿಗೆ ಜೀವಮಾನದ ಉಳಿತಾಯ ಕಳೆದುಕೊಂಡ ಹಿರಿಯರ ಸುದ್ದಿ ಆಗಾಗ ಓದುತ್ತೇವೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ, ಹಣ ಹೋದೊಡನೆ 1930ಕ್ಕೆ ಕರೆ ಮಾಡಬೇಕು ಎಂದು ಅವರಿಗೆ ಕೂತು ಹೇಳಿಕೊಟ್ಟವರು ನಮ್ಮಲ್ಲಿ ಎಷ್ಟು ಜನ? ಮೋಸ ಹೋದ ಮೇಲೆ 'ನಿಮಗೆ ಬುದ್ಧಿ ಬೇಡವೆ' ಎನ್ನುವುದು ಹೆಬ್ಬೆಟ್ಟು ಒತ್ತಿದ ರೈತನನ್ನೇ ಬೈದಂತೆ. ಅದರ ಹೆದರಿಕೆಗೆ ಫೋನನ್ನೇ ಕಸಿದುಕೊಳ್ಳುವುದು ಹಾಸ್ಟೆಲಿನ ನಿಯಮದಂತೆ.

ಎರ್ನಾಕುಲಂನಲ್ಲಿ ಕಣ್ಣು ಮಂಜಾದವರಿಗೆ ಕನ್ನಡಕ ಹುಡುಕಿ ತಂದರಲ್ಲ, ಆ ದಾರಿಯೇ ನಮಗೆ ಸರಿ ಕಾಣುತ್ತದೆ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಹಿರಿಯರ ಪಕ್ಕದಲ್ಲಿ ಅರ್ಧ ಗಂಟೆ ಕೂತು, ಫೋನನ್ನು ಅವರ ಕೈಯಲ್ಲೇ ಇರಿಸಿ ಕಲಿಸೋಣ. ಬೀಗದ ಕೈ ಅವರ ಸೊಂಟದಲ್ಲೇ ಇರಲಿ.