ಬುಟ್ಟಿಯೊಳಗಿನ ಗೋಧಿ ಹೊಲ

ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಉಸಿರು ಬಿಟ್ಟು, ದೇವರಿಗೆ ಕೈಮುಗಿದವರು ಬಳಿಕ ಮೊಬೈಲು ತೆಗೆಯುತ್ತಾರೆ. ಕೆಳಗೆ ಹನುಮನಹಳ್ಳಿ. ಗುಂಡುಗಲ್ಲುಗಳ ನಡುವೆ ಭತ್ತದ ಗದ್ದೆ, ಬದುವಿಗೆ ತೆಂಗು, ಅದರಾಚೆ ತುಂಗಭದ್ರೆ, ಹೊಳೆಯ ಆ ಬದಿಗೆ ಹಂಪಿ. ಬಿಸಿಲಿಗೆ ಬೆಂದ ಬಂಡೆಯ ಪಕ್ಕದಲ್ಲಿ ನಾಟಿಯ ಹಸಿರು ಇನ್ನಷ್ಟು ಹಸಿರಾಗಿ ಕಾಣುತ್ತದೆ. ಗಂಗಾವತಿ ಸೀಮೆಯ ಚಿತ್ರವೆಂದರೆ ಈಗ ಇದೇ.

ಈ ಹಸಿರಿನ ನೀರು ಹಳೆಯದು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿಯುವ ಎಷ್ಟೋ ಮೊದಲು ವಿಜಯನಗರದ ಅರಸರು ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿಸಿ ಕಾಲುವೆ ತೋಡಿಸಿದ್ದರು. ಆನೆಗೊಂದಿ ಕಾಲುವೆ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ಆ ಸಾಲಿಗೆ ಸೇರಿದವು. ನೀರು ಹಳೆಯದಾದರೂ ಈ ಗದ್ದೆಯನ್ನು ಚಿತ್ರವೆಂದು ನೋಡುವ ಕಣ್ಣು ಹೊಸದು. ಹೊಳೆ ದಾಟಿ ಹಂಪಿಗೆ ಹೋದರೆ ಅದು ತಿಳಿಯುತ್ತದೆ. ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಂಗಸರು ಸಾಲುಸಾಲಾಗಿ ನಡೆದಿದ್ದಾರೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯಿದೆ, ಕುಣಿತವಿದೆ. ವಿರೂಪಾಕ್ಷ ಗುಡಿಯ ಮಂಟಪದ ಒಳಛಾವಣಿಯ ಚಿತ್ರಗಳಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಸಾಗಿದೆ, ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿಯಿಟ್ಟಿದ್ದಾನೆ. ಅಷ್ಟು ದೊಡ್ಡ ಪಟ್ಟಣಕ್ಕೆ ಅನ್ನ ಹಾಕಿದ ಹೊಲಕ್ಕೆ ಮಾತ್ರ ಆ ಮೆರವಣಿಗೆಯಲ್ಲಿ ಜಾಗ ಸಿಕ್ಕಿಲ್ಲ. ಅದಕ್ಕೂ ಹಿಂದಕ್ಕೆ ಹೋದರೆ ಆನೆಗೊಂದಿಯ ಬಳಿಯ ಒನಕೆ ಕಿಂಡಿ, ಹಿರೇಬೆಣಕಲ್ಲಿನ ಗವಿಗಳು. ಅಲ್ಲಿಯ ಬಂಡೆಚಿತ್ರಗಳಲ್ಲಿಯೂ ಎದ್ದು ಕಾಣುವುದು ದನ, ಬೇಟೆಗಾರ, ಆಯುಧ ಹಿಡಿದ ಮನುಷ್ಯ. ಬೆಳೆ ಕಾಣುವುದಿಲ್ಲ.

ಬೆಳೆಯೇನೋ ಇತ್ತು, ಗೋಧಿಯೂ ಇತ್ತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾಗಿ ಉಳಿದ ಕಾಳುಗಳನ್ನು ಸಂಶೋಧಕರು ಜರಡಿ ಹಿಡಿದು ಹೆಕ್ಕಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಈ ನೆಲದವೇ ಆದ ಹುರುಳಿ, ಹೆಸರು, ಕೊರಲೆ. ಅವುಗಳ ನಡುವೆ ಉತ್ತರದಿಂದ ಇಳಿದು ಬಂದ ಗೋಧಿ, ಬಾರ್ಲಿಯ ಕೆಲವು ಕಾಳುಗಳೂ ಇವೆ. ಅಂದರೆ ಗೋಧಿ ಇಲ್ಲಿಗೆ ಬಂದು ಮೂರು ಸಾವಿರ ವರ್ಷ ದಾಟಿದೆ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಈ ನಾಡಿನಲ್ಲಿ ಭತ್ತ, ಜೋಳ, ಕಾಳುಕಡಿಗಳ ಜೊತೆಗೆ ಒಳ್ಳೆಯ ಗೋಧಿಯೂ ಹೇರಳವಾಗಿದೆ ಎಂದು ಬರೆದಿಟ್ಟ. ಜನ ಆನೆಗೊಂದಿಗೆ ಹೊಳೆ ದಾಟುವ ಬಗೆಯನ್ನೂ ಅವನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿ, ನಮ್ಮ ಹರಿಗೋಲು. ಹೆಣೆದ ಬುಟ್ಟಿ ಈ ಕಥೆಯಲ್ಲಿ ಮತ್ತೆ ಬರಲಿದೆ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರದ ಅಳಿಯ ರಾಮರಾಯ ಸತ್ತ. ರಾಜಧಾನಿ ಕೊಳ್ಳೆಹೋಯಿತು. ಎರಡು ವರ್ಷದ ಮೇಲೆ ಬಂದ ವೆನಿಸ್ಸಿನ ವರ್ತಕ ಚೇಸರೆ ಫೆದೆರಿಚಿ, ಮನೆಗಳು ನಿಂತೇ ಇವೆ, ಒಳಗೆ ಕಾಡುಮೃಗಗಳು ಸೇರಿಕೊಂಡಿವೆ ಎಂದು ಬರೆದ. ಅದೇ 1565ರಲ್ಲಿ, ಯುರೋಪಿನ ಫ್ಲಾಂಡರ್ಸ್‌ನಲ್ಲಿ, ಪೀಟರ್ ಬ್ರೂಗೆಲ್ ಎಂಬ ಚಿತ್ರಕಾರ ಆಂಟ್ವರ್ಪಿನ ಒಬ್ಬ ಸಾಹುಕಾರನ ಮನೆಗೆಂದು ಗೋಧಿ ಕೊಯ್ಲಿನ ಚಿತ್ರ ಬರೆಯುತ್ತಿದ್ದ. ಆಳೆತ್ತರದ ಹಳದಿ ಪೈರು, ಕುಡುಗೋಲು ಹಿಡಿದವರು, ಮರದ ಕೆಳಗೆ ಬುತ್ತಿ ಬಿಚ್ಚಿ ಉಣ್ಣುವವರು, ಉಂಡು ಕಾಲು ಚಾಚಿ ನಿದ್ದೆಹೋದ ಒಬ್ಬ. ಅರಸನೂ ಇಲ್ಲ, ದೇವರೂ ಇಲ್ಲ. ಚಿತ್ರದ ತುಂಬ ಹೊಲವೇ. ಇಂದು ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಲ್ಲಿಂದ ಮೂರು ಶತಮಾನ ಕಳೆದ ಮೇಲೆ, 1889ರಲ್ಲಿ, ಫ್ರಾನ್ಸಿನ ಸಾಂ ರೆಮಿಯ ಆಸ್ಪತ್ರೆ ಸೇರಿದ್ದ ವಿನ್ಸೆಂಟ್ ವ್ಯಾನ್ ಗೋ, ಸರಳುಗಳಿದ್ದ ಕಿಟಕಿಯಿಂದ ಕಂಡ ಗೋಡೆಯೊಳಗಿನ ತುಂಡು ಗೋಧಿ ಹೊಲವನ್ನು ಮತ್ತೆ ಮತ್ತೆ ಬರೆದ. ಎಳೆ ಹಸಿರಿನಲ್ಲಿ, ಕೊಯ್ಲಿನಲ್ಲಿ, ಮಳೆಯಲ್ಲಿ. ಒಂದು ತುಂಡು ಹೊಲ ಸಾಕಾಗಿತ್ತು.

ಗಂಗಾವತಿಯನ್ನೂ ಒಳಗೊಂಡ ಕೊಪ್ಪಳ ಸೀಮೆಗೂ ತನ್ನ ತುಂಡು ಗೋಧಿ ಹೊಲ ಉಂಟು. ಅದನ್ನು ಹುಡುಕಬೇಕಾದದ್ದು ಲಂಬಾಣಿಗರ ತಾಂಡಾಗಳಲ್ಲಿ.

ಲಂಬಾಣಿಗರು ಒಂದು ಕಾಲಕ್ಕೆ ಬೆಳೆ ತೆಗೆಯುವವರಾಗಿರಲಿಲ್ಲ, ಹೊರುವವರಾಗಿದ್ದರು. ಎತ್ತುಗಳ ಬೆನ್ನಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಉತ್ತರದಿಂದ ದಖ್ಖನ್ನಿನ ತುಂಬ ನಡೆದವರು. ಮೊಗಲರ ದಂಡಿಗೂ ಅವರೇ ಬೇಕಾಗಿತ್ತು, 1791–92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನಿಗೂ ಅವರೇ ಬೇಕಾಯಿತು. 17ನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಸಾವಿರಾರು ಎತ್ತುಗಳ ಇಂಥ ಹಿಂಡುಗಳನ್ನು ದಾರಿಯಲ್ಲಿ ಕಂಡಿದ್ದ. ಅವರಲ್ಲಿ ನಾಲ್ಕು ಪಂಗಡಗಳಿವೆ, ಒಬ್ಬೊಬ್ಬರು ಒಂದೊಂದೇ ಸರಕು ಹೊರುತ್ತಾರೆ ಎಂದ. ಮುಂದಿನ ವಿವರವನ್ನು ಓದಿದವರು ಮರೆಯಲಾರರು: ಗೋಧಿ ಹೊರುವವರು ಹಣೆಗೆ ಕೆಂಪು ಅಂಟಿನ ಬೊಟ್ಟಿಟ್ಟು, ಮೂಗಿನ ಗುಂಟ ಒಂದು ಗೆರೆ ಎಳೆದು, ಅದರ ಮೇಲೆ ಗೋಧಿ ಕಾಳುಗಳನ್ನು ಹೂವಿನಂತೆ ಅಂಟಿಸಿಕೊಳ್ಳುತ್ತಿದ್ದರಂತೆ. ಒಮ್ಮೆ ಒಂಬತ್ತು ಕಾಳು, ಒಮ್ಮೆ ಹನ್ನೆರಡು. ಅರಮನೆಯ ಕಲ್ಲಿನಲ್ಲಿ ಜಾಗ ಸಿಗದ ಧಾನ್ಯ ಅದನ್ನು ಹೊರುವವನ ಮುಖದ ಮೇಲೆ ಚಿತ್ರವಾಗಿತ್ತು!

19ನೆಯ ಶತಮಾನದಲ್ಲಿ ರೈಲು ಬಂತು, ಎತ್ತಿನ ಹೇರು ನಿಂತಿತು. ಹೊರುವವರು ನಿಂತಲ್ಲಿ ತಾಂಡಾ ಕಟ್ಟಿದರು. ಕುಷ್ಟಗಿ, ಯಲಬುರ್ಗಾ ಕಡೆಯ ತಾಂಡಾಗಳಲ್ಲಿ ಇಂದು ದುಡಿಮೆಯೆಂದರೆ ಒಣಬೇಸಾಯ, ಕೂಲಿ, ಸುಗ್ಗಿ ಮುಗಿದ ಮೇಲೆ ಗುಳೆ. ಆದರೆ ಶ್ರಾವಣದಲ್ಲಿ ತೀಜ್ ಹಬ್ಬ ಬಂತೆಂದರೆ ಮದುವೆಯಾಗದ ಹುಡುಗಿಯರು ಬಿದಿರಿನ ಪುಟ್ಟ ಬುಟ್ಟಿಗಳಿಗೆ ಹುತ್ತದ ಮಣ್ಣು, ಗೊಬ್ಬರ ತುಂಬುತ್ತಾರೆ. ನೆನೆಸಿದ ಗೋಧಿಯನ್ನು ಒತ್ತಾಗಿ ಬಿತ್ತುತ್ತಾರೆ. ಬುಟ್ಟಿಗಳನ್ನು ತಾಂಡಾದ ನಾಯಕನ ಮನೆಯ ಬಳಿ ಒಟ್ಟಿಗೆ ಇಟ್ಟು, ಹಾಡು ಹೇಳುತ್ತ ದಿನವೂ ನೀರು ಹಾಕುತ್ತಾರೆ. ಮೂರನೆಯ ದಿನಕ್ಕೆ ಮೊಳಕೆ ಮಣ್ಣು ಸೀಳುತ್ತದೆ, ಒಂಬತ್ತನೆಯ ದಿನಕ್ಕೆ ಬುಟ್ಟಿಯಂಚು ಮೀರಿ ಗೇಣುದ್ದದ ಸಸಿ. ಯಾರ ಸಸಿ ಹುಲುಸಾಗಿ ಬಂತೆಂದು ತಾಂಡಾವೇ ನೋಡುತ್ತದೆ, ಅದರಲ್ಲಿ ಹುಡುಗಿಯ ಮುಂದಿನ ಬಾಳನ್ನೂ ಓದುತ್ತದೆ. ಕೊನೆಯ ದಿನ ಸಸಿ ಕಿತ್ತು ಹಿರಿಯರಿಗೂ ಅಣ್ಣತಮ್ಮಂದಿರಿಗೂ ಕೊಡುತ್ತಾರೆ. ಅದು ರುಮಾಲಿಗೇರುತ್ತದೆ, ಉಳಿದದ್ದು ಹಳ್ಳಕ್ಕೋ ಕೆರೆಗೋ ಹೋಗುತ್ತದೆ.

ಒಂಬತ್ತು ದಿನದ ಈ ಲೆಕ್ಕ ಊರೊಳಗೂ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟ್ಟ ಹಾಕುವಾಗ ಕಲಶದ ಸುತ್ತ ಮಣ್ಣು ಹರಡಿ ಗೋಧಿ, ಜೋಳ ಮೊದಲಾದ ಕಾಳು ಚೆಲ್ಲುತ್ತಾರೆ. ದೇವರ ಕೋಣೆಯ ಕತ್ತಲಲ್ಲಿ ಎಲೆಗೆ ಹಸಿರು ಕೂಡುವುದಿಲ್ಲ, ಸಸಿ ಬಂಗಾರದ ಎಳೆಯಂತೆ ಹಳದಿಯಾಗಿ ಏಳುತ್ತದೆ. ವಿಜಯನಗರದ ಅರಸರು ದಿಬ್ಬದ ಮೇಲೆ ಕುಳಿತು ಆನೆ ಕುದುರೆಗಳ ವೈಭವ ನೋಡುತ್ತಿದ್ದದ್ದೂ ಇದೇ ಒಂಬತ್ತು ದಿನ. ದಿಬ್ಬ ಬರಿದಾಗಿದೆ. ಘಟ್ಟದ ಸಸಿ ಪ್ರತಿ ವರ್ಷ ಏಳುತ್ತಿದೆ.

ಇವು ಚಿತ್ರಗಳೇ ಹೌದು. ಇಲ್ಲಿಯ ಜನ ಗೋಧಿ ಹೊಲವನ್ನು ಬಣ್ಣದಲ್ಲಿ ಬರೆಯಲಿಲ್ಲ, ಜೀವಂತ ಸಸಿಯಿಂದಲೇ ಮಾಡಿದರು, ಒಂಬತ್ತು ದಿನಕ್ಕೆ ಅಳಿಸಿಯೂ ಬಿಟ್ಟರು. ಅದಕ್ಕೇ ಯಾವ ಮ್ಯೂಸಿಯಮ್ಮಿನಲ್ಲೂ ಅವಕ್ಕೆ ಗೋಡೆಯಿಲ್ಲ. ಎಳ್ಳಮಾಸಿಯಂದು ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂರಿಸಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಎಡೆ ಇಟ್ಟು, ಬೆಳೆಯ ಮೇಲೆ ಚರಗ ಚೆಲ್ಲುವುದೂ ಈ ಬಗೆಯದೇ. ಸುಣ್ಣದ ಆ ಬಿಳುಪು ಮುಂಗಾರಿಗೆ ತೊಳೆದುಹೋಗುತ್ತದೆ.

ಬುಟ್ಟಿಯ ಸಸಿ ತೆನೆ ಕಾಣುವುದಿಲ್ಲ. ತೆನೆ ಕಾಣುವ ಗೋಧಿಯ ಸರದಿ ಸೀಗಿ ಹುಣ್ಣಿಮೆಯ ಹೊತ್ತಿಗೆ, ಎರೆ ನೆಲದಲ್ಲಿ ಮಳೆಯ ಹಸಿ ಇನ್ನೂ ಉಳಿದಿರುವಾಗ. ಕಾಲುವೆಯ ನೀರಿಲ್ಲದೆ ಆ ಹಸಿಯನ್ನೇ ಕುಡಿದು ಬೆಳೆಯುವ ಗೋಧಿಯನ್ನು ಬಿತ್ತುವ ಹೊಲಗಳಲ್ಲಿ ಗಂಡಸು ಎತ್ತು ಹೊಡೆದರೆ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತಾಳೆ. ಕೂರಿಗೆಯ ಬಟ್ಟಲಿಗೆ ಒಂದೊಂದೇ ಹಿಡಿ ಬಿಡುತ್ತಾಳೆ, ಹುಡುಗಿಯಾಗಿದ್ದಾಗ ಬುಟ್ಟಿಗೆ ಬಿಟ್ಟಂತೆ.