ಮೂರು ನಿಮಿಷದ ಹಾಡಿನಲ್ಲಿ ಯಾರ ಪಾಲೆಷ್ಟು?

ದಕ್ಷಿಣ ಕೊರಿಯಾದ ಪಾಪ್ ಸಂಗೀತ ತಂಡಗಳನ್ನು ಮೊದಲ ಸಲ ನೋಡುವವರಿಗೆ ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಂತೆ ಕಾಣುವುದುಂಟು. ಒಂದೇ ಬಗೆಯ ಉಡುಪು, ಒಂದೇ ತಾಳಕ್ಕೆ ಒಂದೇ ಹೆಜ್ಜೆ. ಆದರೆ ಅಭಿಮಾನಿಯೊಬ್ಬನನ್ನು ಕೇಳಿದರೆ ಇವರು ನಾಯಕ, ಇವರು ಮುಖ್ಯ ಗಾಯಕ, ಇವರು ರ‍್ಯಾಪರ್, ಇವರು ಎಲ್ಲರಿಗಿಂತ ಕಿರಿಯ ಎಂದು ಪಟ್ಟಿ ಒಪ್ಪಿಸುತ್ತಾನೆ. ಪ್ರತಿಯೊಬ್ಬರಿಗೂ ಒಂದು ಹುದ್ದೆ ಇದೆ.

ಈ ಹುದ್ದೆಗಳು ಹುಟ್ಟಿದ್ದಕ್ಕೆ ಸರಳವಾದ ಲೆಕ್ಕಾಚಾರವೊಂದು ಕಾರಣ. ಹಾಡಿನ ಅವಧಿ ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷ. ತಂಡದಲ್ಲಿ ಐದು, ಏಳು, ಒಂಬತ್ತು, ಕೆಲವೊಮ್ಮೆ 13 ಮಂದಿ. 13 ಮಂದಿಗೆ ಮೂರು ನಿಮಿಷವನ್ನು ಸಮನಾಗಿ ಹಂಚಿದರೆ ತಲೆಗೆ ಬರುವುದು 14 ಸೆಕೆಂಡು ಮಾತ್ರ. ವರ್ಷಗಟ್ಟಲೆ ತರಬೇತಿ ಪಡೆದ ಯುವಕ ಯುವತಿಯರು ಅಷ್ಟರಲ್ಲೇ ಜನರ ಮನಸ್ಸಿನಲ್ಲಿ ಉಳಿಯಬೇಕು. ಈ ಬೆಳಕನ್ನು ಹಂಚುವವರು ಯಾರು ಎಂಬ ಪ್ರಶ್ನೆಯೇ ಈ ತಂಡಗಳ ಮೂರು ದಶಕಗಳ ಇತಿಹಾಸದ ತಿರುಳು ಎನ್ನಬಹುದು.

ಕಂಪೆನಿ ಕಟ್ಟಿದ ತಂಡ

1992ರಲ್ಲಿ ಕೊರಿಯಾದ ಯುವಜನರನ್ನು ಹುಚ್ಚೆಬ್ಬಿಸಿದ 'ಸಿಯೋ ತೈಜಿ ಅಂಡ್ ಬಾಯ್ಸ್' ತಂಡದಲ್ಲಿ ಇದ್ದವರು ಮೂವರೇ. ಹಾಡು ಕಟ್ಟಿ ಹಾಡುತ್ತಿದ್ದವರು ಸಿಯೋ ತೈಜಿ. ಉಳಿದ ಇಬ್ಬರಾದ ಯಾಂಗ್ ಹ್ಯೂನ್-ಸುಕ್ ಮತ್ತು ಲೀ ಜೂನೋ ಅವರ ಬಲ ನೃತ್ಯ. ಯಾರು ಮುಂದೆ, ಯಾರು ಹಿಂದೆ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ತಂಡದ ಹೆಸರೇ ಅದಕ್ಕೆ ಉತ್ತರ ಹೇಳುತ್ತಿತ್ತು.

1996ರ ಸೆಪ್ಟೆಂಬರ್‌ನಲ್ಲಿ ಬಂದ ಐವರ ತಂಡ 'ಎಚ್.ಒ.ಟಿ.' ಬೇರೆಯೇ ಬಗೆಯದು. ಗಾಯಕರಾಗಿದ್ದು ಉದ್ಯಮಿಯಾದ ಲೀ ಸೂ-ಮಾನ್ ಅವರ ಎಸ್.ಎಂ. ಎಂಟರ್‌ಟೈನ್‌ಮೆಂಟ್ ಕಂಪೆನಿ ಹದಿಹರೆಯದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ತರಬೇತಿ ಕೊಟ್ಟು ಈ ತಂಡವನ್ನು ಜೋಡಿಸಿತ್ತು. ಮೂನ್ ಹೀ-ಜುನ್ ನಾಯಕರಾದರೆ, ಕಾಂಗ್ಟಾ ಮುಖ್ಯ ಗಾಯಕರು. ಗೆಳೆತನದಿಂದ ತಾನಾಗಿ ಕೂಡಿದ ತಂಡದಲ್ಲಿ ಕೆಲಸದ ಹಂಚಿಕೆಯೂ ತಾನಾಗಿ ಆಗುತ್ತದೆ. ಕಂಪೆನಿ ಕಟ್ಟಿದ ತಂಡದಲ್ಲಿ ಅದನ್ನೂ ಕಂಪೆನಿಯೇ ಮಾಡಬೇಕಾಯಿತು.

2001ರಲ್ಲಿ ಈ ತಂಡ ಒಡೆದ ರೀತಿ ಗಮನಾರ್ಹ. ನಾಯಕ ಮತ್ತು ಮುಖ್ಯ ಗಾಯಕ ಅದೇ ಕಂಪೆನಿಯಲ್ಲಿ ಉಳಿದು ಒಂಟಿ ಗಾಯಕರಾದರು. ಉಳಿದ ಮೂವರು ಹೊರಬಂದು 'ಜೆ.ಟಿ.ಎಲ್.' ಎಂಬ ಬೇರೆ ತಂಡ ಕಟ್ಟಿಕೊಂಡರು. ವೇದಿಕೆಯ ಮೇಲಿನ ಹುದ್ದೆ ವೇದಿಕೆ ಇಳಿದ ಮೇಲೂ ಬೆನ್ನು ಬಿಡುವುದಿಲ್ಲ ಎಂಬುದಕ್ಕೆ ಇದು ಮೊದಲ ನಿದರ್ಶನಗಳಲ್ಲಿ ಒಂದು.

ಹುದ್ದೆಗಳ ಒಳಗುಟ್ಟು

ಮುಂದಿನ ವರ್ಷಗಳಲ್ಲಿ ಹುದ್ದೆಗಳ ಪಟ್ಟಿ ಬೆಳೆಯಿತು. ಹಾಡಿನ ಕಠಿಣ ಭಾಗ ಹಾಡುವವರು ಮುಖ್ಯ ಗಾಯಕರು. ನೃತ್ಯದ ನಡುವೆ ಒಂಟಿಯಾಗಿ ಮುಂದೆ ಬರುವವರು ಮುಖ್ಯ ನರ್ತಕರು. ಚೆಲುವಿಗೆ ಹೆಸರಾದವರಿಗೆ 'ವಿಶುವಲ್' ಎಂಬ ಪಟ್ಟ. ಸಾಲಿನ ನಟ್ಟನಡುವೆ ನಿಲ್ಲುವವರು 'ಸೆಂಟರ್'. ಎಲ್ಲರಿಗಿಂತ ಕಿರಿಯರು 'ಮಕ್ನೇ'. ಮನೆಯ ಕೊನೆಯ ಮಗುವಿಗೆ ಕೊರಿಯನ್ನರು ಬಳಸುವ ಮಾತು ಅದು. ವಯಸ್ಸಿಗೆ ತಕ್ಕಂತೆ ಮಾತಿನ ರೀತಿಯೇ ಬದಲಾಗುವ ಆ ಸಮಾಜದಲ್ಲಿ ಕಿರಿಯರ ಸ್ಥಾನಕ್ಕೂ ಒಂದು ಬೆಲೆ ಇದೆ. ಹಾಗೆಂದು ಹಿರಿಯರೇ ನಾಯಕರಾಗಬೇಕೆಂಬ ನಿಯಮವೇನೂ ಇಲ್ಲ. 'ಬಿ.ಟಿ.ಎಸ್.' ತಂಡದ ನಾಯಕ ಆರ್.ಎಂ. ಹುಟ್ಟಿದ್ದು 1994ರಲ್ಲಿ, ಎಲ್ಲರಿಗಿಂತ ಹಿರಿಯರಾದ ಜಿನ್ ಹುಟ್ಟಿದ್ದು 1992ರಲ್ಲಿ.

ಈ ಹಂಚಿಕೆಯಿಂದ ಎಲ್ಲರಿಗೂ ಒಂದಿಷ್ಟು ಗುರುತು ಸಿಗುತ್ತದೆ ಎಂಬುದು ನಿಜ. ಆದರೆ ಹುದ್ದೆಗಳೆಲ್ಲ ಸಮನಲ್ಲ. ನಡುವೆ ನಿಂತವರ ಮೇಲೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುತ್ತದೆ. ಕ್ಯಾಮೆರಾ ನಿಂತಲ್ಲಿಗೆ ಜಾಹೀರಾತು ಬರುತ್ತದೆ, ಧಾರಾವಾಹಿಯ ಪಾತ್ರ ಬರುತ್ತದೆ. ತಂಡದ ಗಳಿಕೆಯನ್ನು ಸಮನಾಗಿ ಹಂಚಿ, ಒಬ್ಬೊಬ್ಬರ ಸ್ವಂತ ಕೆಲಸದ ಗಳಿಕೆಯನ್ನು ಅವರವರಿಗೇ ಕೊಡುವ ಪದ್ಧತಿ ಇರುವ ಕಡೆ, ಸಾಲಿನ ತುದಿಯಲ್ಲಿ ನಿಂತವರ ಕೈಗೆ ಬರುವುದು ಕಡಿಮೆಯೇ.

ಇದಕ್ಕೆ ಕಂಪೆನಿಗಳು ಕಂಡುಕೊಂಡ ಒಂದು ಉಪಾಯ ತಂಡದೊಳಗೆ ಕಿರುತಂಡಗಳನ್ನು ಮಾಡುವುದು. 2005ರಲ್ಲಿ 12 ಮಂದಿಯೊಂದಿಗೆ ಆರಂಭವಾದ 'ಸೂಪರ್ ಜೂನಿಯರ್' ಮರುವರ್ಷದಿಂದಲೇ ಈ ದಾರಿ ಹಿಡಿಯಿತು. 2015ರಲ್ಲಿ ಬಂದ 'ಸೆವೆಂಟೀನ್' ತಂಡದ ಹೆಸರಿನಲ್ಲೇ ಈ ಲೆಕ್ಕ ಅಡಗಿದೆ. 13 ಸದಸ್ಯರು, ಗಾಯನ, ರ‍್ಯಾಪ್, ನೃತ್ಯಗಳಿಗೆ ಮೂರು ಕಿರುತಂಡಗಳು, ಎಲ್ಲ ಸೇರಿ ಒಂದು ತಂಡ, ಒಟ್ಟು 17. ಮೂರು ಕಿರುತಂಡಗಳಿಗೂ ಒಬ್ಬೊಬ್ಬ ನಾಯಕರಿದ್ದಾರೆ.

ನ್ಯಾಯಾಲಯದ ಮೆಟ್ಟಿಲು

ಹಂಚಿಕೆಯ ಅಧಿಕಾರ ಪೂರ್ತಿಯಾಗಿ ಕಂಪೆನಿಯದೇ ಎಂಬ ನಂಬಿಕೆಗೆ ಪೆಟ್ಟು ಬಿದ್ದದ್ದು 2009ರಲ್ಲಿ. ಜನಪ್ರಿಯತೆಯ ಶಿಖರದಲ್ಲಿದ್ದ 'ಟಿ.ವಿ.ಎಕ್ಸ್.ಕ್ಯೂ.' ತಂಡದ ಐವರಲ್ಲಿ ಮೂವರು 13 ವರ್ಷಗಳ ತಮ್ಮ ಒಪ್ಪಂದ ಅನ್ಯಾಯದ್ದೆಂದು ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅವರ ಬೇಡಿಕೆಯನ್ನು ಭಾಗಶಃ ಒಪ್ಪಿ, ಸ್ವತಂತ್ರವಾಗಿ ಕೆಲಸ ಮಾಡಲು ಅವಕಾಶ ನೀಡಿತು. ಆ ವರ್ಷವೇ ಕೊರಿಯಾದ ನ್ಯಾಯೋಚಿತ ವ್ಯಾಪಾರ ಆಯೋಗ ಮಾದರಿ ಒಪ್ಪಂದವೊಂದನ್ನು ಹೊರತಂದು ಏಳು ವರ್ಷಗಳ ಮಿತಿಯನ್ನು ಸೂಚಿಸಿತು. ತಂಡಕ್ಕೆ ಏಳು ವರ್ಷ ತುಂಬುವ ಹೊತ್ತಿಗೆ ಅಭಿಮಾನಿಗಳ ಎದೆ ಡವಗುಟ್ಟುವುದು ಈ ಕಾರಣಕ್ಕೇ. ಹೆಚ್ಚು ಬೆಳಕು ಪಡೆದವರು ಆಗ ಹೊರಗೆ ಹೋಗಿ ಬದುಕಬಲ್ಲರು. ಉಳಿದವರ ಗತಿ ಏನು ಎಂಬುದೇ ಚಿಂತೆ.

ಅಭಿಮಾನಿಯ ಕ್ಯಾಮೆರಾ

ಬೆಳಕಿನ ಹಂಚಿಕೆ ಅನಿರೀಕ್ಷಿತ ಕಡೆಯಿಂದಲೂ ಬದಲಾಯಿತು. 2014ರ ಆಗಸ್ಟ್‌ನಲ್ಲಿ 'ಇ.ಎಕ್ಸ್.ಐ.ಡಿ.' ಎಂಬ ಯುವತಿಯರ ತಂಡದ ಹೊಸ ಹಾಡು ಬಂದು, ಹೆಚ್ಚು ಸದ್ದು ಮಾಡದೆ ಮರೆಯಾಗಿತ್ತು. ಅಕ್ಟೋಬರ್‌ನಲ್ಲಿ ಅಭಿಮಾನಿಯೊಬ್ಬರು ತಂಡದ ಸದಸ್ಯೆ ಹಾನಿ ಅವರನ್ನು ಮಾತ್ರ ಹಿಂಬಾಲಿಸಿ ಚಿತ್ರಿಸಿದ ವಿಡಿಯೊ ಹಬ್ಬಿದ್ದೇ ತಡ, ಹಾಡು ಮತ್ತೆ ಜನಪ್ರಿಯತೆಯ ಪಟ್ಟಿಯಲ್ಲಿ ಮೇಲೇರತೊಡಗಿತು. 2015ರ ಜನವರಿಯಲ್ಲಿ ತಂಡಕ್ಕೆ ಟಿ.ವಿ. ಸಂಗೀತ ಕಾರ್ಯಕ್ರಮಗಳಲ್ಲಿ ಮೊದಲ ಸ್ಥಾನ ದೊರೆಯಿತು. ಒಬ್ಬರ ಮೇಲೆ ಬಿದ್ದ ಬೆಳಕು ಐವರನ್ನೂ ಉಳಿಸಿತು. ಮುಂದೆ ಟಿ.ವಿ. ವಾಹಿನಿಗಳೇ ಪ್ರತಿ ಸದಸ್ಯರಿಗೂ ಪ್ರತ್ಯೇಕ ವಿಡಿಯೊ ತೆಗೆದು ಬಿಡುಗಡೆ ಮಾಡುವುದು ರೂಢಿಯಾಯಿತು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಡುವೆ ಯಾರು ನಿಲ್ಲಬೇಕೆಂಬುದನ್ನು ಜನರೇ ಮತ ಹಾಕಿ ತೀರ್ಮಾನಿಸುವ ಆಟವೂ ಬಂತು. ಜಪಾನಿನ 'ಎ.ಕೆ.ಬಿ.48' ತಂಡ 2009ರಿಂದ 2018ರವರೆಗೆ ಇಂಥ ಚುನಾವಣೆ ನಡೆಸಿತ್ತು. ಕೊರಿಯಾದ ಎಂನೆಟ್ ವಾಹಿನಿ 2016ರಲ್ಲಿ 'ಪ್ರೊಡ್ಯೂಸ್ 101' ಕಾರ್ಯಕ್ರಮದಲ್ಲಿ 101 ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ವೀಕ್ಷಕರ ಮತದಿಂದ 11 ಮಂದಿಯನ್ನು ಆರಿಸಿತು. ಕಂಪೆನಿಯ ಕೈಯಲ್ಲಿದ್ದ ಅಧಿಕಾರ ಕೊನೆಗೂ ಜನರಿಗೆ ಬಂತೆಂದು ಹಲವರು ನಂಬಿದರು.

ನಂಬಿಕೆ ಹೆಚ್ಚು ದಿನ ಉಳಿಯಲಿಲ್ಲ. 2019ರಲ್ಲಿ ನಾಲ್ಕನೆಯ ಸರಣಿ ಮುಗಿದಾಗ, ಮತಗಳ ಅಂತರದಲ್ಲಿ ಒಂದೇ ಅಂಕಿ ಮರುಕಳಿಸಿರುವುದನ್ನು ವೀಕ್ಷಕರೇ ಪತ್ತೆ ಹಚ್ಚಿದರು. ತನಿಖೆಯಲ್ಲಿ ವಂಚನೆ ಬಯಲಾಯಿತು. ನಿರ್ಮಾಪಕ ಆನ್ ಜೂನ್-ಯಂಗ್ ಅವರಿಗೆ 2020ರಲ್ಲಿ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿ ನ್ಯಾಯಾಲಯ ಅದೇ ವರ್ಷ ನವೆಂಬರ್‌ನಲ್ಲಿ ಅನ್ಯಾಯಕ್ಕೊಳಗಾದ 12 ಸ್ಪರ್ಧಿಗಳ ಹೆಸರು ಪ್ರಕಟಿಸಿತು. ಮತ ಬಂದಿದ್ದರೂ ವೇದಿಕೆ ದಕ್ಕದವರು ಅವರಲ್ಲಿದ್ದರು. ಹೋದ ಕಾಲವನ್ನು ಅವರಿಗೆ ಹಿಂದಿರುಗಿಸುವ ತೀರ್ಪು ಮಾತ್ರ ಯಾವ ನ್ಯಾಯಾಲಯದ ಕೈಯಲ್ಲೂ ಇರಲಿಲ್ಲ.

ಒಗ್ಗಟ್ಟಿನ ಲೆಕ್ಕ

ಹಾಗಾದರೆ ದೀರ್ಘಕಾಲ ಬಾಳಿದ ತಂಡಗಳು ಮಾಡಿದ್ದೇನು? 1998ರಲ್ಲಿ ಆರಂಭವಾದ ಆರು ಮಂದಿಯ 'ಶಿನ್‌ಹ್ವಾ' 2003ರಲ್ಲಿ ಒಪ್ಪಂದ ಮುಗಿದಾಗ ಒಟ್ಟಾಗಿಯೇ ಕಂಪೆನಿ ಬದಲಿಸಿತು. ತಂಡದ ಹೆಸರಿನ ಹಕ್ಕಿಗಾಗಿ ಹೋರಾಡಿ 2015ರಲ್ಲಿ ಅದನ್ನು ಪಡೆಯಿತು. 'ಸೆವೆಂಟೀನ್' ತಂಡದ 13 ಮಂದಿಯೂ 2021ರಲ್ಲಿ ಒಟ್ಟಿಗೇ ಒಪ್ಪಂದ ನವೀಕರಿಸಿದರು.

ಬಿ.ಟಿ.ಎಸ್. ತಂಡದ ಕಂಪೆನಿ 2020ರಲ್ಲಿ ಷೇರು ಮಾರುಕಟ್ಟೆಗೆ ಬರುವ ಮುನ್ನ ಅದರ ಸ್ಥಾಪಕ ಬಾಂಗ್ ಶಿ-ಹ್ಯುಕ್ ಏಳು ಸದಸ್ಯರಿಗೂ ತಲಾ 68,385 ಷೇರು ಕೊಟ್ಟರು. ಹಾಡಿನಲ್ಲಿ ಯಾರಿಗೆ ಎಷ್ಟು ಸೆಕೆಂಡು ಎಂದು ಇಲ್ಲಿ ಯಾರೂ ಅಳೆಯಲಿಲ್ಲ. 2022ರ ನಂತರ ಏಳು ಮಂದಿಯೂ ಒಂಟಿಯಾಗಿ ಹಾಡುಗಳನ್ನು ಹೊರತಂದರು. ಕಡ್ಡಾಯ ಸೇವೆಯನ್ನು ಎಲ್ಲರೂ 2025ರ ಜೂನ್ ವೇಳೆಗೆ ಮುಗಿಸಿದರು. 'ಬ್ಲ್ಯಾಕ್‌ಪಿಂಕ್' ತಂಡದ ನಾಲ್ವರು ಯುವತಿಯರದು ಮತ್ತೊಂದು ದಾರಿ. 2023ರ ಡಿಸೆಂಬರ್‌ನಲ್ಲಿ ತಂಡದ ಕೆಲಸಕ್ಕಷ್ಟೇ ಹಳೆಯ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು, ಸ್ವಂತ ಕೆಲಸಕ್ಕೆ ತಮ್ಮ ತಮ್ಮ ದಾರಿ ಹಿಡಿದರು.

ಇವರೆಲ್ಲ ಹೆಸರು, ಹಣ ಎರಡೂ ಬಂದ ಮೇಲೆ ಮಾತುಕತೆಗೆ ಕೂತವರು ಎಂಬುದನ್ನು ಮರೆಯುವಂತಿಲ್ಲ. ವರ್ಷ ವರ್ಷವೂ ಹುಟ್ಟಿ ಮರೆಯಾಗುವ ಸಣ್ಣ ತಂಡಗಳಿಗೆ ಆ ಬಲವಿಲ್ಲ. ಅಲ್ಲಿ ಸಾಲಿನ ತುದಿಯಲ್ಲಿ ನಿಂತ ಹುಡುಗಿಯ ಪಾಲಿಗೆ ಈಗಲೂ ಆಧಾರ 2009ರ ಆ ಏಳು ವರ್ಷಗಳ ಮಿತಿ, ಮತ್ತು ಮೂರು ನಿಮಿಷದ ಹಾಡಿನಲ್ಲಿ ಆಕೆಗೆ ಸಿಗುವ ಕೆಲವೇ ಸೆಕೆಂಡುಗಳು.